ಕೊಂಬೆ ಕಡಿದು ಕೊಯ್ಯುವವರು

‘ಸೊಕ್ಕಿದ್ದವನಿಗೆ ಯಾಣ, ರೊಕ್ಕವಿದ್ದವನಿಗೆ ಗೋಕರ್ಣ’ ಎಂಬ ಗಾದೆಯನ್ನು ಕುಮಟೆಯ ಸುತ್ತಮುತ್ತ ಕೇಳದವರಿಲ್ಲ. ಗೋಕರ್ಣಕ್ಕೆ ಹೋದವನು ದಾನ ದಕ್ಷಿಣೆಗಳಿಗೆ ಗಂಟು ಬಿಚ್ಚಬೇಕು. ಯಾಣಕ್ಕೆ ಹೋಗುವವನಿಗೆ ಕಾಲಿನ ಕಸುವು ಸಾಕು. ಗಾದೆ ಹುಟ್ಟಿದ ಕಾಲಕ್ಕೆ ಸೊಕ್ಕು ಎಂದರೆ ಮೈಯ ಕಸುವೆಂದೇ ಅರ್ಥವಿದ್ದಿರಬೇಕು. ಕಾಡು ಹೊಕ್ಕು, ಹಳ್ಳ ದಾಟಿ, ಉಂಬಳ ಕಚ್ಚಿಸಿಕೊಂಡು, ನಾನೂರು ಅಡಿಗೆ ಹತ್ತಿರ ಎತ್ತರದ ಭೈರವೇಶ್ವರ ಶಿಖರದ ಬುಡ ಮುಟ್ಟಬೇಕಾದವನಿಗೆ ಅದು ಬೇಕೇ ಬೇಕಿತ್ತು. ೧೯೯೬ರಲ್ಲಿ ‘ನಮ್ಮೂರ ಮಂದಾರ ಹೂವೆ’ ಚಿತ್ರವು ಈ ಕರಿಯ ಬಂಡೆಗಳನ್ನು ಊರೂರಿಗೆ ತೋರಿಸಿದ ಮೇಲೆ ವಾಹನಗಳು ಬಂದವು, ಅಂಗಡಿಗಳು ಬಂದವು. ರೊಕ್ಕವಿದ್ದವರೂ ಯಾಣಕ್ಕೆ ಬರತೊಡಗಿದರು. ಕಾಲಿನ ಕಸುವಿನ ಅಗತ್ಯ ಕಡಿಮೆಯಾಯಿತು. ಸೊಕ್ಕು ಮಾತ್ರ ತನ್ನ ಇನ್ನೊಂದು ಅರ್ಥವನ್ನು ಹಿಡಿದುಕೊಂಡು ಉಳಿಯಿತು.

ಆ ಸೊಕ್ಕನ್ನು ನೋಡಬೇಕಾದರೆ ಬಂಡೆಯನ್ನಲ್ಲ, ಹಣ್ಣು ಕೊಯ್ಯುವ ಕೈಯನ್ನು ನೋಡಬೇಕು. ಯಾಣದ ಆಸುಪಾಸಿನ ಘಟ್ಟದಲ್ಲಿ ಮಾಘ ಫಾಲ್ಗುಣಗಳಲ್ಲಿ ಅಪ್ಪೆಮಿಡಿ, ಬೇಸಗೆ ಬಲಿತಾಗ ಮುರುಗಲು, ಮಳೆ ಹಿಡಿದ ಮೇಲೆ ಉಪ್ಪಾಗೆ. ಇವುಗಳ ನಡುವೆ ನೆಲ್ಲಿ, ನೇರಲೆ, ಹಲಸು, ರಾಮಪತ್ರೆ. ಯಾರೂ ನೆಟ್ಟದ್ದಲ್ಲ, ಯಾರೂ ನೀರೆರೆದದ್ದಲ್ಲ. ಹಾಗಾದುದರಿಂದಲೇ ಇವು ‘ಯಾರದೂ ಅಲ್ಲದ ಮರ’ಗಳೆಂದು ಕೆಲವರು ತೀರ್ಮಾನಿಸಿಬಿಟ್ಟಿದ್ದಾರೆ. ಮರ ಹತ್ತಿ ಮಿಡಿ ಕೊಯ್ಯುವುದಕ್ಕೆ ಹೊತ್ತು ಹಿಡಿಯುತ್ತದೆ. ಕೊಂಬೆಯನ್ನೇ ಕಡಿದು ನೆಲಕ್ಕೆ ಕೆಡವಿದರೆ ಕುಳಿತಲ್ಲಿಯೇ ಕೊಯ್ದುಕೊಳ್ಳಬಹುದು. ಈ ಜಾಣತನದ ಗುರುತುಗಳನ್ನು ಹೊಳೆಯಂಚಿನ ಮರಗಳ ಮೇಲೆ ಕಾಣುತ್ತಿದ್ದೇವೆ: ಒಂದು ಮಗ್ಗುಲು ಬೋಳಾದ, ತೋಳು ಕಳೆದುಕೊಂಡ ಮರಗಳು. ಕಡಿದವನನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ: ‘ನಾ ಬಿಟ್ರೆ ನಾಳೆ ಮತ್ತೊಬ್ಬ ಒಯ್ತಾನೆ.’

ಈ ಒಂದು ವಾಕ್ಯದ ಮೇಲೆಯೇ ನನ್ನ ಜಗಳ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವಾಗಿರುವುದೇ ಕೇಡಿನ ಮೂಲ. ಅದನ್ನು ನಿಜವಾಗಿಸಿದವರು ಯಾರೆಂದು ಕೇಳದೆ, ಕಡಿದ ಬಡವನನ್ನು ಮಾತ್ರ ಬಯ್ದು ಮನೆಗೆ ಹೋಗುವ ಸದ್ಗೃಹಸ್ಥರೊಡನೆಯೂ ನನಗೆ ಜಗಳವಿದೆ.

ಮೊದಲು ಕೊಯ್ಯುವುದೆಂದರೇನೆಂಬುದನ್ನು ನೋಡೋಣ. ನಮ್ಮ ಭಾಷೆಯಲ್ಲಿ ಇದಕ್ಕೆ ಒಂದೇ ಮಾತಿಲ್ಲ. ಹೂವನ್ನು ಬಿಡಿಸುತ್ತೇವೆ, ಬಿದ್ದ ಹಣ್ಣನ್ನು ಹೆಕ್ಕುತ್ತೇವೆ, ಹುಣಸೆಯನ್ನು ಬಡಿಯುತ್ತೇವೆ, ನೆಲ್ಲಿಯನ್ನು ಉದುರಿಸುತ್ತೇವೆ, ಕಳೆಯನ್ನು ಕೀಳುತ್ತೇವೆ, ಮಾವನ್ನೂ ಅಡಿಕೆಯ ಕೊನೆಯನ್ನೂ ಕೊಯ್ಯುತ್ತೇವೆ. ಒಂದೊಂದು ಫಲಕ್ಕೆ ಒಂದೊಂದು ಕ್ರಿಯಾಪದವನ್ನು ಕೊಟ್ಟ ಜನ ಒಂದೊಂದಕ್ಕೆ ಒಂದೊಂದು ನಡತೆಯನ್ನೂ ಕೊಟ್ಟಿದ್ದರು. ಕಳೆ ಕೀಳುವ ಕೈ ಬೇರನ್ನು ಹುಡುಕುತ್ತದೆ, ಅದು ಮತ್ತೆ ಬರಬಾರದೆಂದು. ಕೊಯ್ಯುವ ಕೈ ತೊಟ್ಟನ್ನು ಹುಡುಕುತ್ತದೆ, ಗಿಡ ಮತ್ತೆ ಕೊಡಬೇಕೆಂದು. ಇಂದು ಘಟ್ಟದಲ್ಲಿ ನಡೆಯುತ್ತಿರುವುದು ಕೊಯ್ಲಲ್ಲ. ಕಳೆ ಕೀಳುವ ಕೈ ಮಾವಿನ ಮರವನ್ನು ಹತ್ತಿದೆ, ಅಷ್ಟೆ.

ಅಪ್ಪೆಮಿಡಿಯನ್ನೇ ತೆಗೆದುಕೊಳ್ಳಿ. ಮಿಡಿಯ ಜೀವವಿರುವುದು ಅದರ ಸೊನೆಯಲ್ಲಿ. ಜೀರಿಗೆಯ ಪರಿಮಳವೋ ಕರ್ಪೂರದ ಪರಿಮಳವೋ, ಎಲ್ಲವೂ ಆ ಸೊನೆಯದೇ. ಉಪ್ಪಿನಲ್ಲಿ ಮಿಡಿ ವರ್ಷಗಟ್ಟಲೆ ಕೆಡದೆ ನಿಲ್ಲುವುದರಲ್ಲೂ ಅದರ ಪಾಲಿದೆ. ಆದುದರಿಂದ ಬಲ್ಲವನು ಮಿಡಿಯನ್ನು ತೊಟ್ಟು ಸಮೇತ ಕೊಯ್ಯುತ್ತಾನೆ. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಭರಣಿಗೆ ಬಿದ್ದರೆ ಉಳಿದವುಗಳನ್ನೂ ಕೆಡಿಸುತ್ತದೆಂದು ಅಡಿಗೆಮನೆಯ ಹಿರಿಯರು ಒಂದೊಂದನ್ನೂ ಮುಟ್ಟಿ ನೋಡಿ ಆಯುತ್ತಿದ್ದರು. ಅದಕ್ಕಾಗಿಯೇ ಮರಕ್ಕೆ ಹತ್ತುವವನ ಸೊಂಟದಲ್ಲಿ ಚೀಲ, ಕೈಯಲ್ಲಿ ಕೊಕ್ಕೆ, ಇಳಿಸುವುದಕ್ಕೆ ಹಗ್ಗ. ಮಾರುವುದು ತೂಕಕ್ಕಲ್ಲ, ನೂರಕ್ಕಿಷ್ಟು ಎಂಬ ಎಣಿಕೆಗೆ. ಎಣಿಸುವ ವಸ್ತುವನ್ನು ಯಾರೂ ಮೂಟೆಯಂತೆ ಎಸೆಯುವುದಿಲ್ಲ. ಮರಗಳಿಗೆ ಹೆಸರುಗಳೂ ಇದ್ದವು: ಅನಂತಭಟ್ಟನ ಅಪ್ಪೆ, ಮಾಳಂಜಿ, ಕಂಚಪ್ಪ, ದೊಂಬೆಸರದ ಜೀರಿಗೆ. ಊರಿನ ಹೆಸರು, ಮನುಷ್ಯನ ಹೆಸರು. ಹೆಸರಿಟ್ಟು ಕರೆಯುವ ಮರಕ್ಕೆ ಕೊಡಲಿ ಎತ್ತುವಾಗ ಕೈ ಸ್ವಲ್ಪ ತಡೆಯುತ್ತದೆ.

ಇಷ್ಟೆಲ್ಲ ಮರ್ಯಾದೆ ಆ ಜನರಿಗೆ ಎಲ್ಲಿಂದ ಬಂತು? ಅವರೇನು ನಮಗಿಂತ ಸಾತ್ವಿಕರಾಗಿದ್ದರೆ? ಹಾಗೆ ನಂಬುವವರು ನಂಬಲಿ, ನನಗೆ ನಂಬಿಕೆಯಿಲ್ಲ. ಘಟ್ಟದ ಅಡಿಕೆ ತೋಟದಲ್ಲಿ ಕೊನೆಗೌಡನ ಕೆಲಸವನ್ನು ನೋಡಿದವರಿಗೆ ಕಾರಣ ತಿಳಿಯುತ್ತದೆ. ಅವನು ಎತ್ತರದ ಮರದ ತುದಿಯಲ್ಲಿ ಕೊನೆಯನ್ನು ಕೊಯ್ದು, ಹಗ್ಗಕ್ಕೆ ಜಾರಿಬಿಡುತ್ತಾನೆ. ಕೆಳಗೆ ಹಗ್ಗ ಹಿಡಿದವನು ಅದನ್ನು ಕೂಸನ್ನು ಇಳಿಸಿಕೊಂಡಂತೆ ಇಳಿಸಿಕೊಳ್ಳುತ್ತಾನೆ. ಒಂದು ಅಡಿಕೆ ಸಿಡಿದರೂ ಒಡೆಯನ ಕಣ್ಣಿಗೆ ಬೀಳುತ್ತದೆ. ಒಂದು ಸುಳಿ ಮುರಿದರೆ ಆ ಮರದ ಕಥೆಯೇ ಮುಗಿಯಿತು. ಮುಂದಿನ ವರ್ಷ ಅವನೇ ಬಂದು ಅದೇ ಮರವನ್ನು ಹತ್ತಬೇಕು. ಇಷ್ಟು ನಾಜೂಕಿನ ಕೈಯವರ ನಡುವೆಯೇ, ತೋಟದ ಬೇಲಿ ದಾಟಿ ಕಾಡು ಹೊಕ್ಕೊಡನೆ, ಉಪ್ಪಾಗೆಯ ಕೊಂಬೆಗೆ ಕತ್ತಿ ಬೀಳುತ್ತದೆಯಲ್ಲ, ಏಕೆ? ಬೇಲಿಯ ಒಳಗೊಂದು ಸಂಸ್ಕೃತಿ, ಹೊರಗೊಂದು ಸಂಸ್ಕೃತಿ ಎಂಬುದುಂಟೆ? ತೋಟದ ಮರಕ್ಕೆ ಮತ್ತೆ ಬರುವೆನೆಂಬ ಭರವಸೆ ಇದೆ. ಕಾಡಿನ ಮರಕ್ಕೆ ಇಲ್ಲ. ಭರವಸೆ ಇರುವಲ್ಲಿ ಮರ್ಯಾದೆ ತಾನಾಗಿ ಇರುತ್ತದೆ. ಅದನ್ನು ಕಿತ್ತುಕೊಂಡಲ್ಲಿ ಎಷ್ಟು ಉಪದೇಶ ಮಾಡಿದರೂ ಕೈ ಕತ್ತಿಯ ಕಡೆಗೇ ಹೋಗುತ್ತದೆ.

ಕಿತ್ತುಕೊಂಡದ್ದು ಒಂದು ದಿನದಲ್ಲಲ್ಲ. ೧೮೭೮ರ ಅರಣ್ಯ ಕಾಯಿದೆಯಲ್ಲಿ ಕಾಡಿನ ಎಲೆ, ಹೂವು, ಹಣ್ಣುಗಳು ಕೂಡ ‘ಅರಣ್ಯ ಉತ್ಪನ್ನ’ಗಳಾದವು. ಆ ಮೇಲೆ ಕಿರು ಅರಣ್ಯ ಉತ್ಪನ್ನವೆಂಬ ಹೆಸರಿನಲ್ಲಿ ಅವನ್ನು ಹರಾಜು ಹಾಕುವ ಪದ್ಧತಿ ಬಂದು ದಶಕಗಟ್ಟಲೆ ನಡೆಯಿತು. ಹೆಚ್ಚು ಕೂಗಿದವನಿಗೆ ಒಂದೆರಡು ವರ್ಷದ ಗುತ್ತಿಗೆ. ಒಂದೆರಡು ವರ್ಷದ ಒಡೆಯನಿಗೆ ಮೂರನೆಯ ವರ್ಷದ ಮರದ ಚಿಂತೆ ಏಕೆ? ಕೊಯ್ದು ತಂದ ಬಡವನಿಗೆ ಸಿಗುವುದು ಕಿಲೋ ಲೆಕ್ಕದ ಕೂಲಿ. ಹಣ್ಣಾಗಿದೆಯೆ, ಕಾಯಿಯೆ ಎಂದು ಕೇಳುವವರಿಲ್ಲ. ಹೀಗಿರುವಾಗ ಮಾಗುವವರೆಗೆ ಕಾದು ಕುಳಿತವನು ಮೂರ್ಖನಾಗುತ್ತಾನೆ. ಸೌಜನ್ಯವನ್ನು ಮೂರ್ಖತನವನ್ನಾಗಿ ಮಾಡಿದ ಮೇಲೆ ಸೌಜನ್ಯವೆಲ್ಲಿ ಎಂದು ಹುಡುಕುವುದು ನಮ್ಮ ಚಮತ್ಕಾರ!

ಉಪ್ಪಾಗೆಯ ಕಥೆಯಂತೂ ನಗುವುದಕ್ಕೂ ಅಳುವುದಕ್ಕೂ ಯೋಗ್ಯವಾದದ್ದು. ಮಲೆನಾಡಿನ ಮನೆಗಳಲ್ಲಿ ಅದರ ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ಕೇರಳದವರು ಸಿಪ್ಪೆಯನ್ನು ಮೀನಿನ ಸಾರಿಗೆ ಹಾಕುತ್ತಿದ್ದರು. ಕೊಡಗಿನಲ್ಲಿ ಅದೇ ಜಾತಿಯ ಹುಳಿ ಕಾಚಂಪುಳಿಯಾಗುತ್ತಿತ್ತು. ೧೯೯೦ರ ದಶಕದಲ್ಲಿ ಆ ಸಿಪ್ಪೆಯೊಳಗಿನ ಹುಳಿಯಂಶ ಬೊಜ್ಜು ಕರಗಿಸುತ್ತದೆಂಬ ಸುದ್ದಿ ಹಬ್ಬಿ, ಪರದೇಶದ ಗುಳಿಗೆಗಳಿಗಾಗಿ ಬೆಲೆ ಏರಿತು. ಏರಿದ ಬೆಲೆ ಘಟ್ಟ ಹತ್ತಿತು. ಮಳೆಗಾಲದಲ್ಲಿ ಮಾಗಬೇಕಾದ ಹಣ್ಣನ್ನು ಎಳೆಗಾಯಿಯಲ್ಲೇ ಕೊಯ್ದರು. ಜಾರುವ ಮರವನ್ನು ಹತ್ತುವ ಬದಲು ಕೊಂಬೆ ಕಡಿದರು. ಬಿಸಿಲಿಲ್ಲದ ಆ ದಿನಗಳಲ್ಲಿ ಸಿಪ್ಪೆ ಒಣಗಿಸುವುದಕ್ಕೆ ಅಟ್ಟದ ಕೆಳಗೆ ಬೆಂಕಿ ಹಾಕಿ, ಅದಕ್ಕೂ ಅದೇ ಕಾಡಿನ ಸೌದೆಯನ್ನು ಸುಟ್ಟರು. ೧೯೯೮ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿತು. ೧೩೫ ಮಂದಿ ಸ್ಥೂಲಕಾಯರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಈ ಸಾರ, ಇನ್ನೊಂದು ಪಾಲಿಗೆ ಬರಿಯ ಹುಸಿ ಗುಳಿಗೆ ಕೊಟ್ಟು ೧೨ ವಾರ ನೋಡಿದರು. ಹುಸಿ ಗುಳಿಗೆ ತಿಂದವರಿಗಿಂತ ಸಾರ ತಿಂದವರು ಹೆಚ್ಚೇನೂ ಇಳಿದಿರಲಿಲ್ಲ. ಅಲ್ಲಿ ಬೊಜ್ಜು ಕರಗಲಿಲ್ಲ. ಇಲ್ಲಿ ಮರ ಕರಗಿತು. ಯಾಣದ ಕರಿ ಮಣ್ಣು ಭಸ್ಮಾಸುರ ಸುಟ್ಟ ಬೂದಿಯೆಂದು ಭಕ್ತರು ನಂಬುತ್ತಾರೆ. ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡವನ ಕಥೆಯನ್ನು ಈ ಊರಿಗೆ ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಮುರುಗಲಿನಲ್ಲಿ ಇನ್ನೊಂದು ಬಗೆಯ ಅವಿವೇಕ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡದ ಗಂಡು ಮರವನ್ನು ‘ದಂಡದ ಮರ’ವೆಂದು ಸೌದೆಗೆ ಕಡಿಯುವ ಲೆಕ್ಕಾಚಾರಿಗಳಿದ್ದಾರೆ. ಇವರ ಜಾಣತನವನ್ನು ಮನುಷ್ಯರ ಸಂಸಾರಕ್ಕೆ ಅನ್ವಯಿಸದಿರುವುದೇ ಪುಣ್ಯ.

ಈಗ ಪ್ರತಿವಾದಿಗಳ ಮಾತಿಗೆ ಬರೋಣ. ಮೊದಲನೆಯವರು ದಂಡಪ್ರಿಯರು: ‘ಫಲಕ ಹಾಕಿರಿ, ದಂಡ ವಿಧಿಸಿರಿ.’ ದಂಡಕ್ಕೆ ನಮ್ಮಲ್ಲಿ ಬಹು ಪುರಾತನವಾದ ಆಧಾರವುಂಟು. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಊರ ಉಪವನದ ಹೂವು, ಹಣ್ಣು, ನೆರಳಿನ ಮರಗಳ ಚಿಗುರು ಮುರಿದರೆ ೬ ಪಣ, ಸಣ್ಣ ಕೊಂಬೆ ಕಡಿದರೆ ೧೨, ದೊಡ್ಡ ಕೊಂಬೆಗೆ ೨೪ ಎಂದು ದಂಡ ಹೇಳಿದೆ. ಗಡಿಯ ಮರ, ಪೂಜೆಗೊಳ್ಳುವ ಮರ, ರಾಜವನದ ಮರವಾದರೆ ಎರಡು ಪಟ್ಟು. ಹಣ್ಣಿನ ಲೆಕ್ಕವನ್ನೇ ಎತ್ತದೆ ಕೊಂಬೆಯ ಗಾತ್ರಕ್ಕೆ ತಕ್ಕಂತೆ ದಂಡವನ್ನು ಏರಿಸಿದವನ ಬುದ್ಧಿಗೆ ತಲೆದೂಗಬೇಕು. ಆದರೆ ಕೌಟಿಲ್ಯನ ಉಪವನಕ್ಕೆ ಕಾವಲಿನವನಿದ್ದ. ಯಾಣದಿಂದ ದೇವಿಮನೆಯವರೆಗೆ ಹಬ್ಬಿದ ಕಾಡಿಗೆ ಎಷ್ಟು ಮಂದಿ ಗಾರ್ಡುಗಳನ್ನು ನಿಲ್ಲಿಸುತ್ತೀರಿ? ಫಲಕವನ್ನಂತೂ ಕೆಲವೆಡೆ ಮರಕ್ಕೇ ಮೊಳೆ ಹೊಡೆದು ತಗುಲಿಹಾಕಿರುತ್ತಾರೆ, ‘ಮರಗಳನ್ನು ರಕ್ಷಿಸಿ’ ಎಂದು. ಮರಕ್ಕೆ ಮೊದಲ ಗಾಯ ರಕ್ಷಕರದೇ!

ಎರಡನೆಯವರು ಪ್ರವಾಸಿ ಮಿತ್ರರು. ಹೊರದೇಶಗಳಲ್ಲಿ ತೋಟದ ಯಜಮಾನನೇ ಬಾಗಿಲು ತೆರೆದು, ‘ನಿಮಗೆ ಬೇಕಾದ್ದನ್ನು ನೀವೇ ಕೊಯ್ದುಕೊಳ್ಳಿ’ ಎನ್ನುತ್ತಾನಂತಲ್ಲ, ನಾವು ಕೊಯ್ದರೇನು ತಪ್ಪು ಎಂದು ಇವರ ಕೇಳ್ವಿಕೆ. ತಪ್ಪಿಲ್ಲ. ಆದರೆ ಆ ತೋಟದ ಬಾಗಿಲಲ್ಲಿ ತಕ್ಕಡಿ ಇರುತ್ತದೆ. ಇಂಥ ಸಾಲಿನಲ್ಲೇ ಕೊಯ್ಯಿರಿ ಎಂಬ ಕಟ್ಟಳೆ ಇರುತ್ತದೆ. ತಕ್ಕಡಿಯಿಲ್ಲದ ಕಾಡಿನ ಮಾತೇ ಬೇಕೆಂದರೆ ಸ್ವೀಡನ್ನಿನವರನ್ನು ನೋಡಿ. ಅಲ್ಲಿ ಕಾಡಿನ ಹಣ್ಣನ್ನೂ ಅಣಬೆಯನ್ನೂ ಯಾರು ಬೇಕಾದರೂ, ಪರರ ನೆಲದಲ್ಲಿ ಕೂಡ, ಕೊಯ್ಯಬಹುದು. ಅದು ಸರ್ವಜನರ ಹಕ್ಕು. ಆದರೆ ಬೆಳೆಯುತ್ತಿರುವ ಮರದ ಒಂದು ರೆಂಬೆಯನ್ನು ಮುರಿಯುವ ಹಕ್ಕು ಅದರಲ್ಲಿ ಸೇರಿಲ್ಲ. ಯೆಹೂದ್ಯರ ಹಳೆಯ ಧರ್ಮಶಾಸ್ತ್ರವೂ ನೆರೆಯವನ ದ್ರಾಕ್ಷಿತೋಟದಲ್ಲಿ ಹೊಟ್ಟೆ ತುಂಬ ತಿನ್ನಗೊಟ್ಟಿತು. ಪಾತ್ರೆಗೆ ತುಂಬಿಕೊಳ್ಳುವುದನ್ನು ತಡೆಯಿತು. ನಮ್ಮ ಪ್ರವಾಸಿ ಮಿತ್ರರು ಹಸಿದು ತಿನ್ನುವವರಲ್ಲ. ಕೊಂಬೆಯನ್ನು ಎಳೆದು, ಮುರಿದು, ಒಂದು ಹಣ್ಣನ್ನು ಕಚ್ಚಿ, ಹುಳಿಯೆಂದು ಉಗುಳಿ, ಉಳಿದುದನ್ನು ಅಲ್ಲಿಯೇ ಬಿಟ್ಟು ಚಿತ್ರ ತೆಗೆಸಿಕೊಂಡು ಹೋಗುವವರು. ಕಾಯಿ ಹುಳಿಯಾಗಿರುತ್ತದೆಂದು ಕಾಡಿಗೆ ಬಂದು ಕಲಿಯಬೇಕಾದ ವಿದ್ಯಾವಂತರು!

ಮೂರನೆಯ ವಾದ ಹೆಚ್ಚು ಗಂಭೀರವಾದದ್ದು. ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಕಸಿ ಗಿಡಗಳು ಬಂದಿವೆ; ತೋಟದಲ್ಲೇ ಬೆಳೆಸಿಕೊಂಡರೆ ಕಾಡಿನ ಗೋಜೇಕೆ ಎನ್ನುತ್ತಾರೆ. ಬೆಳೆಸಲಿ, ಬಹಳ ಸಂತೋಷ. ಆದರೆ ಕಸಿಯ ಕಡ್ಡಿ ಆಕಾಶದಿಂದ ಬೀಳುವುದಿಲ್ಲ. ಅಘನಾಶಿನಿಯ, ಶರಾವತಿಯ, ಬೇಡ್ತಿಯ ದಂಡೆಯ ಯಾವುದೋ ತಾಯಿಮರದಿಂದ ಬರಬೇಕು. ಬೀಜದಿಂದ ಹುಟ್ಟಿದ ಪ್ರತಿಯೊಂದು ಅಪ್ಪೆಯೂ ಒಂದೊಂದು ಪರಿಮಳ. ಕಸಿ ಕಟ್ಟುವುದಕ್ಕೆ ಮೊದಲೇ ಕಡಿದುಹೋದ ಮರದ ಪರಿಮಳ ಯಾವುದಿತ್ತೆಂದು ಯಾರೂ ಹೇಳಲಾರರು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಓದು ಬರಹ ಕಲಿತವರಲ್ಲ. ಕಾಡಿನಲ್ಲಿ ತಾಯಿಮರವನ್ನು ಗುರುತಿಸಿ, ಬೀಜ ಬಲಿತ ಹೊತ್ತನ್ನರಿತು ತಂದು ಸಸಿ ಮಾಡುವುದರಲ್ಲಿ ಅವರಿಗೆ ಸರಿದೊರೆಯಿರಲಿಲ್ಲ. ೨೦೨೦ರ ಪಟ್ಟಿಯಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ೨೦೨೪ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ತಾಯಿಮರಗಳನ್ನು ಬಲ್ಲ ಕಣ್ಣುಗಳು ಹೀಗೆ ಒಂದೊಂದಾಗಿ ಮುಚ್ಚುತ್ತಿರುವಾಗ, ಮರಗಳನ್ನೂ ಮುಗಿಸಿಬಿಡುವ ಅವಸರ ನಮಗೇಕೆ?

‘ಬಡವನ ಹೊಟ್ಟೆಯ ಮುಂದೆ ಹಕ್ಕಿ ಮಂಗಗಳ ಪಾಲಿನ ಮಾತೇಕೆ?’ ಎಂದು ಕೇಳುವವರೂ ಇದ್ದಾರೆ. ಪಾಲು ಬಿಡುವುದು ಧರ್ಮಬುದ್ಧಿಯಿಂದ ಮಾತ್ರವಲ್ಲ ಸ್ವಾಮಿ, ವ್ಯವಹಾರಬುದ್ಧಿಯಿಂದ ಕೂಡ. ಅಘನಾಶಿನಿಯ ಕಾಡುಗಳಲ್ಲಿ ಉಪ್ಪಾಗೆಯನ್ನು ತಿನ್ನುವ ಸಿಂಗಳೀಕಗಳಿವೆ. ಅವುಗಳಿಗಾಗಿಯೇ ೨೦೧೧ರಲ್ಲಿ ಒಂದು ಸಂರಕ್ಷಿತ ಪ್ರದೇಶ ಘೋಷಣೆಯಾಗಿ, ೨೦೧೯ರಲ್ಲಿ ಶರಾವತಿಯ ಅಭಯಾರಣ್ಯದೊಡನೆ ಸೇರಿತು. ರಾಮಪತ್ರೆಯ ಬೀಜವನ್ನು ನುಂಗಿ ದೂರ ಒಯ್ದು ಹಾಕುವುದು ಮಂಗಟ್ಟೆ ಹಕ್ಕಿ. ಇವು ನಮ್ಮ ಪಾಲನ್ನು ಕದಿಯುವ ಪ್ರಾಣಿಗಳಲ್ಲ, ಸಂಬಳವಿಲ್ಲದ ತೋಟಗಾರರು. ತುದಿಯ ಕೊಂಬೆಗಳ ಹಣ್ಣು ಅವಕ್ಕಿರಲಿ. ತುದಿಗೆ ಹತ್ತಿ ಬಿದ್ದು ಸೊಂಟ ಮುರಿದುಕೊಳ್ಳುವ ಬಡವನ ಹೊಟ್ಟೆಗೂ ಅದರಿಂದ ಒಳ್ಳೆಯದೇ.

ಹಾಗಾದರೆ ದಾರಿ ಯಾವುದು? ದಾರಿ ಕಾಗದದ ಮೇಲೆ ಆಗಲೇ ಇದೆ. ೧೯೯೩ರಲ್ಲಿ ರಾಜ್ಯ ಸರಕಾರ ಗ್ರಾಮ ಅರಣ್ಯ ಸಮಿತಿಗಳಿಗೆ ಆಜ್ಞೆ ಹೊರಡಿಸಿತು. ೨೦೦೬ರ ಅರಣ್ಯ ಹಕ್ಕು ಕಾಯಿದೆ ಕಿರು ಉತ್ಪನ್ನಗಳ ಒಡೆತನವನ್ನೇ ಕಾಡಿನ ಜನರಿಗೆ ಕೊಟ್ಟಿತು. ಜೊತೆಗೆ ಕಾಡನ್ನು ಕಾಯುವ ಹೊಣೆಯನ್ನೂ ಹೊರಿಸಿತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವನು ಮೂರು ತಲೆಮಾರು, ಅಂದರೆ ೭೫ ವರ್ಷ, ಅಲ್ಲಿಯೇ ಇದ್ದೆನೆಂದು ತೋರಿಸಬೇಕು. ಹಾಲಕ್ಕಿ ಒಕ್ಕಲಿಗರು ಆ ಪಟ್ಟಿಗೆ ಸೇರಬೇಕೆಂದು ದಶಕಗಳಿಂದ ಕೇಳುತ್ತ ಬಂದವರು. ಅಜ್ಜ ಯಾವ ಮರದಲ್ಲಿ ಮಿಡಿ ಕೊಯ್ದನೆಂದು ಮೊಮ್ಮಗ ಬೆರಳು ತೋರಿಸಬಲ್ಲ. ಅಜ್ಜ ಅಲ್ಲಿದ್ದನೆಂಬುದಕ್ಕೆ ಮುದ್ರೆಯೊತ್ತಿದ ಕಾಗದ ಎಲ್ಲಿಂದ ತರಬೇಕು? ಮರವೇ ಸಾಕ್ಷಿ ಎಂದರೆ ಕಚೇರಿಯಲ್ಲಿ ನಗುತ್ತಾರೆ. ಆ ಸಾಕ್ಷಿಯನ್ನೂ ಕಡಿದ ಮೇಲೆ ನಗುವುದಕ್ಕೂ ಏನೂ ಉಳಿಯುವುದಿಲ್ಲ.

ಒಡೆತನದ ಪೂರ್ತಿ ವ್ಯಾಜ್ಯ ತೀರುವವರೆಗೆ ಕಾಯಬೇಕಾಗಿಲ್ಲ. ಇಂಥ ಹೊಳೆಯ ದಂಡೆಯ ಇಂಥ ಮರಗಳು ಇಂಥ ಕೇರಿಯವರಿಗೆ, ಒಂದು ವರ್ಷಕ್ಕಲ್ಲ, ಹತ್ತೋ ಹದಿನೈದೋ ವರ್ಷಕ್ಕೆ ಎಂದು ಊರ ಸಭೆ ಬರೆದುಕೊಡಲಿ, ಇಲಾಖೆ ಅದಕ್ಕೆ ಸಹಿ ಹಾಕಲಿ. ಕೊಯ್ಲು ಆರಂಭವಾಗುವ ದಿನವನ್ನು ಊರೇ ನಿಶ್ಚಯಿಸಲಿ. ಆ ದಿನಕ್ಕೆ ಮೊದಲು ಬಂದ ಕಾಯನ್ನು ಕೊಳ್ಳುವ ವ್ಯಾಪಾರಿಗೆ ಮುಂದಿನ ವರ್ಷ ಆ ಊರಿನ ಒಂದು ಮಿಡಿಯೂ ಸಿಗದಿರಲಿ. ಭರಣಿಯಲ್ಲಿ ಮಿಡಿ ನೋಡಿ ಕೊಳ್ಳುವ ಪೇಟೆಯವರಿಂದ ಈ ಪರೀಕ್ಷೆ ಸಾಧ್ಯವಿಲ್ಲ, ಏಕೆಂದರೆ ಕಡಿದ ಕೊಂಬೆಯಿಂದ ಬಿಡಿಸಿದ ಮಿಡಿಗೂ ತೊಟ್ಟಿರುತ್ತದೆ, ಸೊನೆಯಿರುತ್ತದೆ; ಉಪ್ಪಿನಲ್ಲಿ ಅದು ಅಷ್ಟೇ ಚೆನ್ನಾಗಿ ಚಿರುಟುತ್ತದೆ. ಮರದ ಬುಡದಲ್ಲಿ ನಿಂತವನಿಗೆ ಮಾತ್ರ ವ್ಯತ್ಯಾಸ ಗೊತ್ತಾಗುವುದು. ಮಿಡಿಗಚ್ಚುವುದಕ್ಕೆ ಮೊದಲೇ, ಪುಷ್ಯದೊಳಗೆ, ಆ ಸಭೆ ಸೇರಬೇಕು. ಫಾಲ್ಗುಣದಲ್ಲಿ ಸೇರಿದರೆ ಎಣಿಸುವುದಕ್ಕೆ ಉಳಿದಿರುವುದು ಬೊಡ್ಡೆಗಳು.